ವಜ್ರ ಕೂತದ್ದು ಶವಪೆಟ್ಟಿಗೆಗೆ!

ಮನೆಗೆ ಅಕ್ಕಸಾಲಿಗರನ್ನು ಕರೆಸಿ, ಜಗುಲಿಯ ಮೇಲೆ ಕೂರಿಸಿ, ಕಣ್ಣೆದುರಿಗೇ ಒಡವೆ ಮಾಡಿಸುತ್ತಿದ್ದ ಕಾಲವೊಂದಿತ್ತು. ಏಳು ಹರಳಿನ ಮೂಗುಬೊಟ್ಟು ಆಗಬೇಕಾದರೆ ಅಜ್ಜಿಯು ಏಳೇ ಹರಳುಗಳನ್ನು ಎಣಿಸಿ ಕೊಡುವಳು. ಎಂಟನೆಯದು ಪೆಟ್ಟಿಗೆಯೊಳಗೇ ಉಳಿಯುವುದು. ಅದು ಅಪನಂಬಿಕೆಯೇನಲ್ಲ. ಕೈಯ ಮುಂದೆ ಇದ್ದದ್ದು ಕೆಲಸಕ್ಕೆ ಹೋಗುತ್ತದೆ, ಇಲ್ಲದ್ದು ಹೋಗುವುದಿಲ್ಲ ಎಂಬ ಸರಳವಾದ ತಿಳಿವಳಿಕೆ, ಅಷ್ಟೆ. ಇದೇ ತಿಳಿವಳಿಕೆಯನ್ನು ಈ ಕಾಲದ ಕಾಲೇಜು ಹುಡುಗನೊಬ್ಬನು ಗಣಕಯಂತ್ರದ ಆಟವೊಂದರಿಂದ ಕಲಿತುಕೊಂಡ ಬಗೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹುಡುಗನು ನನ್ನ ಅಣ್ಣನ ಮಗ. ರಜೆಗೆಂದು ನಮ್ಮ ಮನೆಗೆ ಬಂದಿದ್ದನು. ಒಂದು ರಾತ್ರಿ ಊಟವಾದ ಮೇಲೆ ನಾನು ಪತ್ರಿಕೆ ತಿರುವುತ್ತಾ ಕುಳಿತಿದ್ದಾಗ ಪಕ್ಕದ ಕೋಣೆಯಿಂದ ಅವನ ಆರ್ತನಾದ ಕೇಳಿಬಂದಿತು.

"ಚಿಕ್ಕಪ್ಪ, ಬೇಗ ಬನ್ನಿ! ಇದ್ದ ಮೂರು ವಜ್ರಗಳನ್ನೂ ಶವಪೆಟ್ಟಿಗೆಗೆ ಕೂರಿಸಿಬಿಟ್ಟಿದ್ದಾನೆ!"

ಯಾರ ವಜ್ರ, ಯಾರ ಶವಪೆಟ್ಟಿಗೆ ಎಂದು ಗಾಬರಿಯಿಂದ ಎದ್ದುಹೋಗಿ ನೋಡಿದರೆ, ಯಂತ್ರದ ಪರದೆಯ ಮೇಲೆ ಬೆಟ್ಟದೊಳಗೆ ಕೊರೆದ ಕೋಣೆಗಳು. ಅವುಗಳ ನಡುವೆ ಇರುವೆಗಳಂತೆ ಓಡಾಡುತ್ತಿದ್ದ ಪುಟ್ಟ ಜನ. ಅವರಲ್ಲೊಬ್ಬನು ತನ್ನ ಕೆಲಸ ಮುಗಿಸಿ ಹಾಯಾಗಿ ಪಾನಶಾಲೆಯತ್ತ ನಡೆದಿದ್ದನು. ಹುಡುಗನ ಕೋಪವೆಲ್ಲ ಅವನ ಮೇಲೆಯೇ.

ಕುಬ್ಜರ ಕೋಟೆ

ಆಟದ ಹೆಸರು 'ಡ್ವಾರ್ಫ್ ಫೋರ್ಟ್ರೆಸ್', ಎಂದರೆ ಕುಬ್ಜರ ಕೋಟೆ. ಅಮೆರಿಕದ ಟಾರ್ನ್ ಆಡಮ್ಸ್ ಮತ್ತು ಝ್ಯಾಕ್ ಆಡಮ್ಸ್ ಎಂಬ ಸೋದರರು 2002ರಲ್ಲಿ ಇದರ ರಚನೆಗೆ ಕೈಹಾಕಿದರು. ಟಾರ್ನ್ ಸಾಮಾನ್ಯನಲ್ಲ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಿಂದ ಗಣಿತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು. ವಿಶ್ವವಿದ್ಯಾನಿಲಯದ ಉದ್ಯೋಗವನ್ನು ಬಿಟ್ಟು ಆಟ ಕಟ್ಟಲು ಕುಳಿತನೆಂದರೆ ನಮ್ಮ ಮನೆಗಳಲ್ಲಿ ಹಿರಿಯರು ಏನೆನ್ನುತ್ತಿದ್ದರೋ ವಾಚಕರೇ ಊಹಿಸಿಕೊಳ್ಳಬಹುದು. 2006ರ ಆಗಸ್ಟ್ ತಿಂಗಳಲ್ಲಿ ಆಟವು ಮೊದಲ ಬಾರಿಗೆ ಜನರ ಕೈಸೇರಿತು. ಬೆಲೆಯಿಲ್ಲ, ಮೆಚ್ಚಿದವರು ಕಳುಹಿಸಿದ ಕಾಣಿಕೆಯೇ ಸೋದರರ ಜೀವನೋಪಾಯ. ಆಗ ಅದರಲ್ಲಿ ಚಿತ್ರಗಳೇ ಇರಲಿಲ್ಲ. ಕುಬ್ಜನೂ ಒಂದು ಚಿಹ್ನೆ, ಮರವೂ ಒಂದು ಚಿಹ್ನೆ, ಬೆಕ್ಕು ಒಂದು ಅಕ್ಷರ. ಅಂಥ ಪರದೆಯನ್ನೇ ದಿಟ್ಟಿಸುತ್ತಾ ಸಹಸ್ರಾರು ಜನ ರಾತ್ರಿಗಳನ್ನು ಕಳೆದರು. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ತಾನು ಮೊತ್ತಮೊದಲು ಸಂಗ್ರಹಿಸಿದ 14 ಗಣಕಯಂತ್ರದ ಆಟಗಳಲ್ಲಿ ಇದನ್ನೂ ಒಂದಾಗಿ ಸೇರಿಸಿಕೊಂಡಿತು. ನಮ್ಮ ಮಕ್ಕಳೆಲ್ಲ ಬಲ್ಲ 'ಮೈನ್‌ಕ್ರಾಫ್ಟ್' ಆಟಕ್ಕೆ ಸ್ಫೂರ್ತಿ ನೀಡಿದವುಗಳಲ್ಲಿಯೂ ಇದು ಒಂದು.

ಅನಂತರ ಝ್ಯಾಕ್‌ಗೆ ಚರ್ಮದ ಕ್ಯಾನ್ಸರ್ ತಗುಲಿತು. ಚಿಕಿತ್ಸೆಯ ವೆಚ್ಚವನ್ನು ಎದುರಿಸಿದಾಗ, ಕಾಣಿಕೆಯ ಹಣವನ್ನೇ ನಂಬಿ ಮುಂದಿನ ದಿನಗಳನ್ನು ಕಳೆಯುವುದು ಸಾಧ್ಯವಿಲ್ಲವೆಂದು ಸೋದರರಿಗೆ ಮನವರಿಕೆಯಾಯಿತು. ಚಿತ್ರಗಳೊಡನೆ ಹೊಸ ಆವೃತ್ತಿಯೊಂದನ್ನು ಮಾರಾಟಕ್ಕೆ ಬಿಡುವುದಾಗಿ 2019ರಲ್ಲಿ ಸಾರಿದರು. 2022ರ ಡಿಸೆಂಬರ್ 6ರಂದು ಅದು ಹೊರಬಂದಿತು. ಆ ತಿಂಗಳು ಮುಗಿಯುವಷ್ಟರಲ್ಲಿ ಸುಮಾರು 5 ಲಕ್ಷ ಪ್ರತಿಗಳು ಮಾರಾಟವಾದವು. ಹದಿನಾರು ವರ್ಷ ಬಿಟ್ಟಿಯಾಗಿ ಆಡಿದವರು ಋಣ ತೀರಿಸಿದರೆನ್ನಬೇಕು. ಚಿತ್ರಗಳಿಲ್ಲದ ಹಳೆಯ ರೂಪವು ಇಂದಿಗೂ ಉಚಿತವಾಗಿಯೇ ದೊರೆಯುತ್ತದೆ.

ಆಟದ ಸ್ವರೂಪ ಹೀಗೆ: ಏಳು ಮಂದಿ ಕುಬ್ಜರು ಒಂದು ಬಂಡಿಯೊಡನೆ ಕಾಡಿನ ನಡುವೆ ಬಂದಿಳಿಯುತ್ತಾರೆ. ಬೆಟ್ಟವನ್ನು ಕೊರೆದು ಮನೆ ಮಾಡಬೇಕು, ಬೇಸಾಯ ಹೂಡಬೇಕು, ಮದ್ಯ ಭಟ್ಟಿಯಿಳಿಸಬೇಕು, ಶತ್ರುಗಳನ್ನು ತಡೆಯಬೇಕು. ಕೋಟೆಯ ಹೆಸರು ಹಬ್ಬಿದಂತೆ ವಲಸೆಗಾರರು ಬರುತ್ತಾರೆ. ಏಳು ಮಂದಿ ಎಪ್ಪತ್ತಾಗುತ್ತಾರೆ. ಗೆಲುವೆಂಬುದು ಈ ಆಟದಲ್ಲಿ ಇಲ್ಲವೇ ಇಲ್ಲ. ಎಷ್ಟು ಕಾಲ ಬಾಳಿತು, ಹೇಗೆ ಬಾಳಿತು, ಕಡೆಗೆ ಹೇಗೆ ಅಳಿಯಿತು ಎಂಬುದೇ ಪ್ರತಿಯೊಂದು ಕೋಟೆಯ ಕಥೆ.

ಇಲ್ಲಿ ಮುಖ್ಯವಾದ ಒಂದು ಮಾತುಂಟು. ಆಡುವವನು ದೊರೆಯಾದರೂ ಕುಬ್ಜರು ಚದುರಂಗದ ಕಾಯಿಗಳಲ್ಲ. ನೀನು ಇಲ್ಲಿಗೆ ನಡೆ, ಅದನ್ನು ಎತ್ತಿಕೋ ಎಂದು ಒಬ್ಬೊಬ್ಬನ ಕೈಹಿಡಿದು ನಡೆಸಲು ಬರುವುದಿಲ್ಲ. ಇಂಥ ಕೆಲಸ ಆಗಬೇಕೆಂದು ಅಪ್ಪಣೆ ಕೊಡಬಹುದು. ಆ ಕೆಲಸ ಬಲ್ಲವನು ತನಗೆ ಬಿಡುವಾದಾಗ ಬಂದು ಮಾಡುತ್ತಾನೆ. ಅವನಿಗೂ ಹಸಿವುಂಟು, ನಿದ್ರೆಯುಂಟು, ಇಷ್ಟಾನಿಷ್ಟಗಳುಂಟು, ಕುಡಿತದ ಬಾಯಾರಿಕೆಯಂತೂ ಉಂಟೇ ಉಂಟು.

ಅಲಂಕಾರದ ಬೆಲೆ

ಕುಬ್ಜರು ಅಲಂಕಾರಪ್ರಿಯರು. ಗಣಿಯಿಂದ ತೆಗೆದ ರತ್ನಕ್ಕೆ ಒಬ್ಬನು ಸಾಣೆ ಹಿಡಿಯುತ್ತಾನೆ. ಅದನ್ನು ಮೇಜಿಗೋ ಬಾಗಿಲಿಗೋ ಕೂರಿಸುವುದು ಬೇರೆಯೇ ಒಂದು ವಿದ್ಯೆ. ಮೂಳೆಯಿಂದ ಕುಸುರಿ ಮಾಡುವವರಿದ್ದಾರೆ, ಲೋಹದ ಮೊಳೆ ಹೊಡೆದು ಸಿಂಗರಿಸುವವರಿದ್ದಾರೆ, ಬಟ್ಟೆಯ ಮೇಲೆ ಚಿತ್ರ ಹೊಲಿಯುವವರಿದ್ದಾರೆ. ಹೀಗೆ ಸಿಂಗರಿಸಿದ ಪ್ರತಿಯೊಂದು ವಸ್ತುವಿಗೂ ಯಂತ್ರವು ತಾನಾಗಿಯೇ ಒಂದು ವರ್ಣನೆಯನ್ನು ಬರೆದಿಡುತ್ತದೆ: ಯಾವ ಮರದ್ದು, ಯಾರು ಮಾಡಿದ್ದು, ಯಾವ ಹರಳು, ಕೂರಿಸಿದವನು ಯಾರು.

ಅಲಂಕಾರದಿಂದ ವಸ್ತುವಿನ ಬೆಲೆ ಏರುತ್ತದೆ. ಎಷ್ಟು ಏರುತ್ತದೆಂಬುದು ಹರಳಿನ ಜಾತಿಯನ್ನೂ ಕೈಚಳಕವನ್ನೂ ಅವಲಂಬಿಸಿದೆ. ಸಾಧಾರಣ ಕೆಲಸಕ್ಕೆ ಒಂದು ಪಾಲೆಂದರೆ, ಅತ್ಯುತ್ತಮವೆನಿಸಿದ ಕೆಲಸಕ್ಕೆ ಐದು ಪಾಲು. ಸಿದ್ಧಹಸ್ತನ ಮೇರುಕೃತಿಗೆ ಹನ್ನೆರಡು ಪಾಲು. ಅಂಥ ಮೇರುಕೃತಿಯೊಂದು ಕೈಯಿಂದ ಹೊರಬಂದಾಗ ಕುಶಲಿಯ ಮನಸ್ಸು ಹಿಗ್ಗುತ್ತದೆ. ಅದು ನಾಶವಾದರೆ ಅವನು ಕೊರಗುತ್ತಾನೆ.

ಬೆಲೆಯೇರಿಸಿ ಏನಾಗಬೇಕು? ಮೂರು ಪ್ರಯೋಜನಗಳುಂಟು. ವಸಂತದಲ್ಲಿ ಎಲ್ಫ್‌ಗಳೆಂಬ ವನವಾಸಿಗಳು, ಬೇಸಗೆಯಲ್ಲಿ ಮನುಷ್ಯರು, ಶರತ್ತಿನಲ್ಲಿ ಸ್ವದೇಶದ ಕುಬ್ಜರು ವ್ಯಾಪಾರಕ್ಕೆ ಬರುತ್ತಾರೆ. ಅವರೊಡನೆ ವಿನಿಮಯಕ್ಕೆ ಬೆಲೆಬಾಳುವ ಸಾಮಗ್ರಿ ಬೇಕು. ಕೋಟೆಯು ಏಳಿಗೆ ಹೊಂದಿದಾಗ ಬ್ಯಾರನ್ ಮೊದಲಾದ ಶ್ರೀಮಂತ ಪದವಿಯವರು ತಲೆಯೆತ್ತುತ್ತಾರೆ. ತಮ್ಮ ಅಂತಸ್ತಿಗೆ ತಕ್ಕ ಶಯನಗೃಹ, ಭೋಜನಶಾಲೆ, ಕಚೇರಿ ಬೇಕೆಂದು ಹಟ ಹಿಡಿಯುತ್ತಾರೆ. ಕೋಣೆಯ ಅಂತಸ್ತನ್ನು ಅಳೆಯುವುದು ಅದರಲ್ಲಿರುವ ಮಂಚ, ಮೇಜು, ಪೀಠಗಳ ಬೆಲೆಯಿಂದ. ಮೂರನೆಯದಾಗಿ, ಸುಂದರವಾದ ವಸ್ತುಗಳ ನಡುವೆ ಓಡಾಡುವ ಸಾಮಾನ್ಯ ಕುಬ್ಜನಿಗೂ ಸಂತೋಷವಾಗುತ್ತದೆ.

ಆದರೆ ಒಂದು ಅಪಾಯವೂ ಇದೆ. ಕೋಟೆಯ ಸಂಪತ್ತು ಬೆಳೆದಷ್ಟೂ ಗಾಬ್ಲಿನ್‌ಗಳೆಂಬ ದುಷ್ಟರ ಕಣ್ಣು ಅದರ ಮೇಲೆ ಬೀಳುತ್ತದೆ. ಉಗ್ರಾಣದ ಕತ್ತಲಲ್ಲಿ ಯಾರಿಗೂ ಬೇಡದೆ ಬಿದ್ದಿರುವ ವಸ್ತುವಿಗೆ ವಜ್ರ ಕೂರಿಸಿದರೂ ಸಂಪತ್ತಿನ ಲೆಕ್ಕವು ಏರಿಯೇ ಏರುತ್ತದೆ. ಕೋಟೆಗೆ ಉಪಯೋಗವಿಲ್ಲ, ಶತ್ರುವಿಗೆ ಆಮಂತ್ರಣ ಮಾತ್ರ ಹೋಯಿತು!

ಹತ್ತಿರವಿದ್ದದ್ದೇ ಮೊದಲು

ನಮ್ಮ ಹುಡುಗನ ಕೋಟೆಯಲ್ಲಿ ಆದದ್ದೂ ಇದೇ. ಅವನ ಕೋಟೆಗೂ ಬ್ಯಾರನ್ ಒಬ್ಬನು ಬಂದಿದ್ದನು. ಹುಡುಗನು ಒಳ್ಳೆಯ ಬಡಗಿಯಿಂದ ಮಂಚವೊಂದನ್ನು ಮಾಡಿಸಿಟ್ಟು, ಗಣಿಯಲ್ಲಿ ದೊರೆತಿದ್ದ ಮೂರು ವಜ್ರಗಳಿಗೆ ಸಾಣೆ ಹಿಡಿಸಿ, 'ಪೀಠೋಪಕರಣಗಳಿಗೆ ಹರಳು ಕೂರಿಸು' ಎಂದು ಮೂರು ಬಾರಿ ಅಪ್ಪಣೆ ಕೊಟ್ಟನು. ಮಂಚವು ಮೇಲಿನ ಅಂತಸ್ತಿನಲ್ಲಿತ್ತು. ಹರಳಿನ ಕುಶಲಿಯ ಕಾರ್ಯಾಗಾರದ ಪಕ್ಕದಲ್ಲಿಯೇ ಶವಪೆಟ್ಟಿಗೆಗಳ ದಾಸ್ತಾನು ಇತ್ತು. ಈ ಆಟದಲ್ಲಿ ಸತ್ತವರಿಗೆ ಸಂಸ್ಕಾರವಾಗದಿದ್ದರೆ ಅವರು ಪ್ರೇತಗಳಾಗಿ ಕಾಡುತ್ತಾರೆ. ಆದ್ದರಿಂದ ತಿಳಿದವರು ಕೆಲವು ಪೆಟ್ಟಿಗೆಗಳನ್ನು ಮುಂಚೆಯೇ ಕಡೆಸಿ ಇಟ್ಟಿರುತ್ತಾರೆ. ಯಂತ್ರದ ಲೆಕ್ಕದಲ್ಲಿ ಮಂಚವೂ ಪೀಠೋಪಕರಣ, ಬಾಗಿಲೂ ಪೀಠೋಪಕರಣ, ಶವಪೆಟ್ಟಿಗೆಯೂ ಪೀಠೋಪಕರಣವೇ. ಕುಶಲಿಯು ತನಗೆ ಅತಿ ಸಮೀಪದಲ್ಲಿದ್ದುದನ್ನು ಎತ್ತಿಕೊಂಡನು. ಒಂದಾದ ಮೇಲೊಂದು ಮೂರು ಪೆಟ್ಟಿಗೆಗಳಿಗೆ ಮೂರು ವಜ್ರಗಳು ಕೂತವು. ಬ್ಯಾರನ್ನನ ಮಂಚ ಬೋಳಾಗಿಯೇ ಉಳಿಯಿತು.

"ಅವನಿಗಷ್ಟೂ ಬುದ್ಧಿ ಬೇಡವೇ ಚಿಕ್ಕಪ್ಪ?" ಎಂದನು ಹುಡುಗ.

"ನೀನು ಮಂಚಕ್ಕೆ ಅಂತ ಹೇಳಿದ್ದೆಯೇನಪ್ಪಾ?" ಎಂದು ಕೇಳಿದೆ.

"ಹಾಗೆ ಹೇಳೋದಕ್ಕೆ ಅದರಲ್ಲಿ ದಾರೀನೇ ಇಲ್ಲವಲ್ಲ!"

ಅವನ ಮಾತು ನಿಜ. ಆ ಅಪ್ಪಣೆಯಲ್ಲಿ ವಸ್ತುವಿನ ವರ್ಗವನ್ನು ಸೂಚಿಸಬಹುದು, ಪೀಠೋಪಕರಣವೋ, ಸಿದ್ಧವಸ್ತುವೋ, ಬಾಣದಂಥ ಆಯುಧವೋ ಎಂದು. ಆದರೆ 'ಮೇಲಿನ ಅಂತಸ್ತಿನ ಆ ಮಂಚಕ್ಕೆ' ಎಂದು ಬೆರಳು ತೋರಿಸುವ ಬಗೆಯು ಅವನಿಗೆ ಅಲ್ಲಿ ಕಾಣಲಿಲ್ಲ. ಬೆಲೆಬಾಳುವ ಹರಳುಗಳನ್ನು ಬಾಣಗಳಿಗೆ ಕೂರಿಸಿ, ಅವನ್ನು ಶತ್ರುಗಳ ಮೇಲೆ ಪ್ರಯೋಗಿಸಿ ಕಳೆದುಕೊಂಡ ದೊರೆಗಳೂ ಇರಬಹುದು! ಈ ತೊಡಕು ನಮ್ಮ ಹುಡುಗನೊಬ್ಬನದೇ ಅಲ್ಲ. ಈ ಆಟ ಆಡಿದವರೆಲ್ಲರೂ ಒಂದಲ್ಲ ಒಂದು ದಿನ ಎದುರಿಸುವಂಥದು.

ಉಗ್ರಾಣದ ಉಪಾಯ

ಹಿಂದೆ ಇದಕ್ಕೆ ಒರಟಾದ ಉಪಾಯಗಳಿದ್ದುವು. ಬೇಡವಾದ ವಸ್ತುಗಳನ್ನೆಲ್ಲ ಒಂದೊಂದಾಗಿ 'ನಿಷಿದ್ಧ' ಎಂದು ಗುರುತು ಹಾಕಿದರೆ ಕುಬ್ಜರು ಅವನ್ನು ಮುಟ್ಟುವುದಿಲ್ಲ. ಆದರೆ ನೂರಾರು ವಸ್ತುಗಳಿಗೆ ಗುರುತು ಹಾಕಿ, ಕೆಲಸ ಮುಗಿದ ಮೇಲೆ ಮತ್ತೆ ಅಳಿಸುವವರು ಯಾರು? ಕೆಲವರು ಕುಶಲಿಯನ್ನೇ ಒಂದು ಕೋಣೆಯಲ್ಲಿ ಹಾಕಿ, ಬೇಕಾದ ವಸ್ತುಗಳನ್ನಷ್ಟೇ ಒಳಗಿರಿಸಿ, ಬಾಗಿಲಿಗೆ ಬೀಗ ಜಡಿಯುತ್ತಿದ್ದರು. ಕೆಲಸವೇನೋ ಆಗುವುದು, ಅಷ್ಟರಲ್ಲಿ ಕುಶಲಿಯು ಹಸಿವು ಬಾಯಾರಿಕೆಗಳಿಂದ ಬಳಲುವನು.

2012ರ ಆವೃತ್ತಿಯೊಂದರಲ್ಲಿ ಟಾರ್ನ್ ಆಡಮ್ಸ್ ಹೊಸದೊಂದು ಸೌಕರ್ಯವನ್ನು ಕಲ್ಪಿಸಿದನು. ಉಗ್ರಾಣವನ್ನೂ ಕಾರ್ಯಾಗಾರವನ್ನೂ ಒಂದಕ್ಕೊಂದು ಜೋಡಿಸುವುದೇ ಅದು. ಹೀಗೆ ಜೋಡಿಸಿದ ಮೇಲೆ ಆ ಕಾರ್ಯಾಗಾರದವನು ಆ ಉಗ್ರಾಣದಿಂದಲ್ಲದೆ ಬೇರೆಡೆಯಿಂದ ಸಾಮಗ್ರಿಯನ್ನು ತರುವುದಿಲ್ಲ, ಬೇರೆಯದು ಕಾಲಬಳಿಯೇ ಬಿದ್ದಿದ್ದರೂ ಕೂಡ.

ಮರುದಿನ ಹುಡುಗನು ಈ ಕ್ರಮವನ್ನು ಓದಿ ತಿಳಿದು, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸಕ್ಕೆ ತೊಡಗಿದನು. ಮೊದಲು ಹರಳಿನ ಕಾರ್ಯಾಗಾರದ ಎಡಗಡೆ ಮೂರು ಚೌಕದಷ್ಟು ಜಾಗವನ್ನು ಗುರುತಿಸಿ ಪುಟ್ಟ ಉಗ್ರಾಣ ಮಾಡಿದನು. ಇದರೊಳಗೆ ಮಂಚ, ಮೇಜು, ಪೀಠ ಇವು ಮಾತ್ರ ಬರಬಹುದು. ಅವುಗಳಲ್ಲಿಯೂ ಅತ್ಯುತ್ತಮ ಮತ್ತು ಮೇರುಕೃತಿ ಎನಿಸಿದವು ಮಾತ್ರ ಎಂದು ನಿಯಮಿಸಿದನು. ಕಳಪೆ ಮೇಜುಗಳಿಗೆ ಅಲ್ಲಿ ಪ್ರವೇಶವಿಲ್ಲ. ಶವಪೆಟ್ಟಿಗೆಗಂತೂ ಸರ್ವಥಾ ಇಲ್ಲ. ಅನಂತರ ಆ ಉಗ್ರಾಣವನ್ನು ಕಾರ್ಯಾಗಾರಕ್ಕೆ ಜೋಡಿಸಿ, ಅಪ್ಪಣೆ ಕೊಟ್ಟು, ಕೈಕಟ್ಟಿ ಕುಳಿತನು.

ಕುಶಲಿಯು ಬಂದನು, ನಿಂತನು, ಹಿಂದಿರುಗಿದನು. ಹರಳು ಇಲ್ಲದ್ದರಿಂದ ಕೆಲಸ ರದ್ದಾಯಿತೆಂದು ಪರದೆಯ ಮೇಲೆ ಸೂಚನೆ ಬಂದಿತು. ಇದೇನು, ಕೋಟೆಯಲ್ಲಿ ಹಸಿರು, ನೀಲಿ, ಕೆಂಪು ಹರಳುಗಳು ರಾಶಿ ಬಿದ್ದಿವೆಯಲ್ಲ! ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ ಮೇಲೆ ಕಾರಣ ಹೊಳೆಯಿತು. ಜೋಡಿಸಿದ ಉಗ್ರಾಣದಿಂದಲೇ ತರಬೇಕೆಂಬ ನಿಯಮವು ಮಂಚಕ್ಕೆ ಹೇಗೋ ಹರಳಿಗೂ ಹಾಗೆಯೇ. ಆಭರಣ ಮಾಡೆಂದು ಚಿನ್ನ ಕೊಟ್ಟು ಹರಳಿನ ಪೆಟ್ಟಿಗೆಗೆ ಬೀಗ ಹಾಕಿದಂತಾಗಿತ್ತು. ಬಲಗಡೆಗೆ ಎರಡನೆಯ ಉಗ್ರಾಣವನ್ನು ಮಾಡಿ, ಬೆಲೆಬಾಳುವ ಸಾಣೆ ಹಿಡಿದ ಹರಳುಗಳಿಗೆ ಮಾತ್ರ ಅಲ್ಲಿ ಎಡೆಗೊಟ್ಟು, ಅದನ್ನೂ ಜೋಡಿಸಿದಾಗ ಕೆಲಸವು ಸುಸೂತ್ರವಾಗಿ ಸಾಗಿತು.

ಮತ್ತೊಂದು ಎಚ್ಚರಿಕೆಯನ್ನೂ ಅವನು ಅನುಭವದಿಂದಲೇ ಕಲಿತನು. ಅಲಂಕಾರ ಮುಗಿದ ಮಂಚವನ್ನು ಹಮಾಲಿ ಕುಬ್ಜರು ಮತ್ತೆ ಅದೇ ಪುಟ್ಟ ಉಗ್ರಾಣಕ್ಕೆ ತಂದಿರಿಸಬಹುದು. ಅಲ್ಲಿದ್ದರೆ ಮುಂದಿನ ಬೇರೆ ಜಾತಿಯ ಹರಳೂ ಅದಕ್ಕೇ ಹೋದೀತು. ಆದ್ದರಿಂದ ಒಂದು ವಸ್ತು ಸಿದ್ಧವಾದೊಡನೆ ಅದನ್ನು ಸೇರಬೇಕಾದ ಕೋಣೆಯಲ್ಲಿ ಸ್ಥಾಪಿಸಿಬಿಡುವುದು ಜಾಣತನ. ಸ್ಥಾಪಿಸಿದ ವಸ್ತುವನ್ನು ಕುಶಲಿಯು ಕಿತ್ತು ತರುವುದಿಲ್ಲ.

ಹೊಸದಾಗಿ ಕಲಿಯುವವರಿಗಾಗಿ ಅವನು ಬೇರೆಯೇ ಒಂದು ಕಾರ್ಯಾಗಾರವನ್ನು ತೆರೆದನು. ಮರಳನ್ನು ಕಾಯಿಸಿ ಹಸಿರು ಗಾಜು ಮಾಡಬಹುದು; ಮರಳಿಗೆ ಕೊರತೆಯಿಲ್ಲದ್ದರಿಂದ ಗಾಜಿನ ಹರಳಿಗೂ ಕೊರತೆಯಿಲ್ಲ. ಆ ಗಾಜಿನ ಹರಳುಗಳನ್ನೂ ಹೊರಗೆ ಮಾರುವ ಕಲ್ಲಿನ ಲೋಟಗಳನ್ನೂ ಇನ್ನೊಂದು ಜೊತೆ ಉಗ್ರಾಣಗಳಲ್ಲಿರಿಸಿ, ಕಲಿಯುವವರ ಕಾರ್ಯಾಗಾರಕ್ಕೆ ಜೋಡಿಸಿದನು. ಎಡವಟ್ಟಾದರೂ ನಷ್ಟವಾಗುವುದು ಗಾಜು. ಕೈ ಪಳಗಿದ ಹಳೆಯ ಕುಶಲಿಯೊಬ್ಬನಿಗೇ ವಜ್ರದ ಕಾರ್ಯಾಗಾರವನ್ನು ವಹಿಸಿಕೊಟ್ಟನು. ಹೀಗೆ ಒಬ್ಬನನ್ನೇ ನೇಮಿಸಲು ಆಟದಲ್ಲಿ ಅವಕಾಶವುಂಟು.

ಒಂದು ವಾರದೊಳಗೆ ಆ ಕೋಟೆಯ ಚಹರೆಯೇ ಬದಲಾಯಿತು. ಬ್ಯಾರನ್ನನ ಗೊಣಗಾಟ ನಿಂತಿತು. ವ್ಯಾಪಾರಿಗಳಿಗೆ ಹಸಿರು ಹರಳಿನ ಲೋಟಗಳು ಹೋದವು, ಧಾನ್ಯವೂ ಉಕ್ಕೂ ಬಂದವು. ಒಬ್ಬ ಕುಬ್ಜನನ್ನೂ ಗದರಿಸಿದ್ದಿಲ್ಲ, ಕೂಡಿಹಾಕಿದ್ದಿಲ್ಲ. ಮೊದಲಿನಂತೆಯೇ ಅವರು ತಮಗೆ ಸಮೀಪವಿದ್ದುದನ್ನೇ ಎತ್ತಿಕೊಳ್ಳುತ್ತಿದ್ದರು. ಸಮೀಪದಲ್ಲಿ ಯಾವುದಿರಬೇಕೆಂಬುದನ್ನು ಮಾತ್ರ ದೊರೆಯು ಮೊದಲೇ ಯೋಚಿಸಿಟ್ಟಿದ್ದನು.

ದುಡಿಯುವವನ ಕೈಯನ್ನು ದೂಷಿಸುವ ಮೊದಲು ಆ ಕೈಗೆ ಎಟುಕುವಂತೆ ನಾವೇನನ್ನು ಇಟ್ಟಿದ್ದೇವೆಂದು ನೋಡಿಕೊಳ್ಳಬೇಕೆಂಬ ಮಾತು ಮನೆಗೂ ಸಲ್ಲುತ್ತದೆ, ಕಚೇರಿಗೂ ಸಲ್ಲುತ್ತದೆ. ಮಗುವಿನ ಕೈಗೆ ಸಿಗುವಂತೆ ಮಸಿಕುಡಿಕೆಯನ್ನಿಟ್ಟು, ಗೋಡೆ ಹಾಳಾಯಿತೆಂದು ಅದಕ್ಕೆ ಏಟು ಕೊಡುವವರು ನಮ್ಮಲ್ಲಿ ಕಡಿಮೆಯೇ? ತಾವು ಮನಸ್ಸಿನಲ್ಲೇ ಇಟ್ಟುಕೊಂಡಿದ್ದುದನ್ನು ಗುಮಾಸ್ತನು ತಿಳಿದುಕೊಳ್ಳಲಿಲ್ಲವೆಂದು ಸಿಡುಕುವ ಮೇಲಧಿಕಾರಿಗಳು ಕಡಿಮೆಯೇ?

ಮೂರನೆಯ ಪೆಟ್ಟಿಗೆ

ಆ ಮೂರು ಶವಪೆಟ್ಟಿಗೆಗಳ ಗತಿ ಏನಾಯಿತೆಂದು ವಾಚಕರು ಕೇಳಬಹುದು. ಎರಡನ್ನು ಹುಡುಗನು ಬೇಸಗೆಯ ವ್ಯಾಪಾರಿಗಳಿಗೆ ಕೊಟ್ಟುಬಿಟ್ಟನು; ಒಳ್ಳೆಯ ಬೆಲೆಯೇ ಬಂದಿತು. ಮೂರನೆಯದು ಮಾತ್ರ ಮೂಲೆಯಲ್ಲಿ ಉಳಿದಿತ್ತು.

ರಜೆ ಮುಗಿಯುವುದಕ್ಕೆ ಎರಡು ದಿನ ಮುಂಚೆ ಗಾಬ್ಲಿನ್‌ಗಳ ದಂಡು ಕೋಟೆಯ ಬಾಗಿಲಿಗೆ ಬಂದಿತು. ಸೇತುವೆಯನ್ನು ಎತ್ತಲು ಅಪ್ಪಣೆ ಹೋಯಿತು. ಹೊರಗಿದ್ದವರೆಲ್ಲ ಒಳಕ್ಕೆ ಓಡಿ ಬಂದರು. ಒಬ್ಬನು ಮಾತ್ರ ಬರಲಿಲ್ಲ. ಹೊರಗಡೆ ಬಿದ್ದಿದ್ದ ಯಾವುದೋ ವಸ್ತುವನ್ನು ಎತ್ತಿ ತರಲು ಹೋಗಿದ್ದ ಅವನು ಹರಳಿನ ಕುಶಲಿ. ಸೇತುವೆ ಮೇಲಕ್ಕೆದ್ದಿತು.

ಮುತ್ತಿಗೆ ಕಳೆದ ಮೇಲೆ ಹುಡುಗನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಗಣಿಯವರಿಂದ ಬೆಟ್ಟದ ಒಳಭಾಗದಲ್ಲಿ ಒಂದು ಸಣ್ಣ ಕೋಣೆಯನ್ನು ಕೊರೆಸಿದನು, ಗೋಡೆಗಳನ್ನು ನಯಮಾಡಿಸಿದನು, ಮೂಲೆಯಲ್ಲಿದ್ದ ಮೂರನೆಯ ಪೆಟ್ಟಿಗೆಯನ್ನು ತರಿಸಿ ಅಲ್ಲಿ ಸ್ಥಾಪಿಸಿ, ಅದನ್ನು ಆ ಕುಶಲಿಯ ಹೆಸರಿಗೆ ಬರೆದನು. ಪೆಟ್ಟಿಗೆಯ ವರ್ಣನೆಯನ್ನು ತೆರೆದು ನನಗೆ ತೋರಿಸಿದನು. ಕಲ್ಲಿನ ಹೆಸರು, ಕಡೆದವನ ಹೆಸರು, ಅದರಲ್ಲಿ ಕೂತಿರುವ ವಜ್ರ, ವಜ್ರ ಕೂರಿಸಿದವನ ಹೆಸರು, ಎಲ್ಲವೂ ಅಲ್ಲಿ ಬರೆದಿದ್ದುವು. ಕೆಲಸವು ಮೇರುಕೃತಿಯೆಂದೂ ಇತ್ತು. ಅಂದು ಕೋಪದಲ್ಲಿ ಅವನು ಅದನ್ನು ಗಮನಿಸಿಯೇ ಇರಲಿಲ್ಲ.

"ಇದೊಂದನ್ನು ಮಾರದೆ ಇದ್ದದ್ದು ಒಳ್ಳೆಯದೇ ಆಯಿತು, ಅಲ್ಲವೇ ಚಿಕ್ಕಪ್ಪ?" ಎಂದನು.

"ಹೌದಪ್ಪಾ" ಎಂದೆ. ಅವನು ಯಂತ್ರವನ್ನು ಆರಿಸಿ, ಊರಿಗೆ ಹೊರಡಲು ಬಟ್ಟೆಗಳನ್ನು ಮಡಿಸತೊಡಗಿದನು.